ಕಬ್ಬಿನ ತುದಿ: ಸರಣಿಯ ಹನ್ನೆರಡನೇ ಸಂಪುಟ ಓದೋದು ಹೇಗೆ?

ಇವತ್ತಿನ ಮಾತು ದಪ್ಪ ದಪ್ಪ ಪುಸ್ತಕಗಳ ಬಗ್ಗೆ. ಅದರಲ್ಲೂ ಸರಣಿಯ ಕೊನೆಕೊನೆಯ ಸಂಪುಟಗಳ ಬಗ್ಗೆ. ಪುಣೆಯಲ್ಲಿ ನನ್ನ ಪರಿಚಯದ ಕನ್ನಡ ಹುಡುಗರಲ್ಲಿ ತುಂಬ ಜನ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಹಾಸ್ಟೆಲ್ಲಿನಲ್ಲಿದ್ದಾಗ ಒಂದು ಫ್ಯಾಂಟಸಿ ಸರಣಿ ಶುರು ಮಾಡಿರುತ್ತಾರೆ, ಐದಾರು ಸಂಪುಟ ಉಸಿರು ಬಿಡದೆ ಓದಿರುತ್ತಾರೆ. ಆಮೇಲೆ ಕೆಲಸ, ಹಿಂಜೆವಾಡಿಯ ಟ್ರಾಫಿಕ್ಕು, ಮದುವೆ, ಇಎಂಐ. ಹತ್ತು ವರ್ಷ ಆದ ಮೇಲೆ ಒಂದು ದಿನ ಕಪಾಟಿನಲ್ಲಿ ಹನ್ನೆರಡನೇ ಸಂಪುಟ ಕಾಣಿಸುತ್ತದೆ. ಕೇಳುವ ಪ್ರಶ್ನೆ ಒಂದೇ: "ಇನ್ನು ಮುಂದುವರಿಸಬೇಕಾ? ಮೊದಲಿನ ರುಚಿ ಇಲ್ವಂತಲ್ಲ?"

ನನ್ನ ಉತ್ತರ, ಮುಂದುವರಿಸಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಸುತ್ತಿಕೊಂಡು ಬರಬೇಕು. ಅಮೆರಿಕದಿಂದ ಶುರು ಮಾಡಿ ಗದಗ, ಬಂಕಾಪುರ, ನಮ್ಮ ಪುಣೆಯ ಲಾ ಕಾಲೇಜ್ ರಸ್ತೆ ಎಲ್ಲ ನೋಡಿಕೊಂಡು ಬರೋಣ. ಒಂದು ಎಚ್ಚರಿಕೆ: 'ದಿ ವೀಲ್ ಆಫ್ ಟೈಮ್' ಸರಣಿಯ ಹನ್ನೆರಡನೇ ಸಂಪುಟದ ಒಂದು ಮುಖ್ಯ ಘಟನೆಯನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ. ಅಲ್ಲಿಗೆ ಬಂದಾಗ ಇನ್ನೊಮ್ಮೆ ಎಚ್ಚರಿಸುತ್ತೇನೆ.

ಬರೆದವರು ಮಧ್ಯದಲ್ಲೇ ಹೋದರು

'ದಿ ವೀಲ್ ಆಫ್ ಟೈಮ್' ಬರೆದವರು ರಾಬರ್ಟ್ ಜೋರ್ಡನ್. ಅದು ಕಾವ್ಯನಾಮ, ನಿಜವಾದ ಹೆಸರು ಜೇಮ್ಸ್ ಆಲಿವರ್ ರಿಗ್ನಿ. ಮೊದಲ ಸಂಪುಟ 'ದಿ ಐ ಆಫ್ ದಿ ವರ್ಲ್ಡ್' ಬಂದದ್ದು 1990ರಲ್ಲಿ. ಒಂದು ಮೂಲೆಯ ಹಳ್ಳಿಯಿಂದ ಮೂವರು ಹುಡುಗರು ಹೊರಬೀಳುತ್ತಾರೆ, ಅವರಲ್ಲಿ ಕುರಿ ಕಾಯುವ ರ‍್ಯಾಂಡ್ ಎಂಬವನ ಮೇಲೆ ಇಡೀ ಲೋಕದ ಭಾರ ಬೀಳುತ್ತದೆ. ಕಥೆಯ ಎಳೆ ಇಷ್ಟೇ. ಆದರೆ ಸಂಪುಟದಿಂದ ಸಂಪುಟಕ್ಕೆ ಅದು ಹರಡಿಕೊಂಡು ಹೋಯಿತು. ಹೆಸರಿರುವ ಪಾತ್ರಗಳೇ ಎರಡು ಸಾವಿರಕ್ಕೂ ಹೆಚ್ಚು. 2003ರಲ್ಲಿ ಬಂದ ಹತ್ತನೇ ಸಂಪುಟದ ಹೊತ್ತಿಗೆ ಕಥೆ ಜಾಗ ಬಿಟ್ಟು ಕದಲುತ್ತಿಲ್ಲ ಅಂತ ಅಭಿಮಾನಿಗಳೇ ಗೊಣಗಲು ಶುರು ಮಾಡಿದ್ದರು.

2005ರಲ್ಲಿ ಹನ್ನೊಂದನೇ ಸಂಪುಟ ಬಂತು. ಮರುವರ್ಷ ಜೋರ್ಡನ್ ತಮಗೆ ಅಮೈಲಾಯ್ಡೋಸಿಸ್ ಎಂಬ ಅಪರೂಪದ ಕಾಯಿಲೆ ಇದೆ ಅಂತ ಓದುಗರಿಗೆ ತಿಳಿಸಿದರು. 2007ರ ಸೆಪ್ಟೆಂಬರ್ 16ರಂದು ತೀರಿಕೊಂಡರು. ಕಥೆ ಮುಗಿದಿರಲಿಲ್ಲ.

ಇಲ್ಲಿಂದ ಮುಂದಿನದು ನಮ್ಮ ವೃತ್ತಿಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಾವು ಕೆಟಿ ಅಂತೀವಲ್ಲ, ಕೆಲಸ ಬಿಡುವವರು ಉಳಿಯುವವರಿಗೆ ಎಲ್ಲ ಹೇಳಿಕೊಟ್ಟು ಹೋಗೋದು, ಜೋರ್ಡನ್ ಅದನ್ನು ಮಾಡಿಟ್ಟು ಹೋದರು. ರಾಶಿ ಟಿಪ್ಪಣಿಗಳಿದ್ದವು. ಕೈಯಲ್ಲಿ ಬರೆಯಲು ಆಗದಿದ್ದಾಗ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಸಿದ ಭಾಗಗಳಿದ್ದವು. ಇಡೀ ಸರಣಿಯ ಕೊನೆಯ ದೃಶ್ಯವನ್ನು ಅವರೇ ಬರೆದಿಟ್ಟಿದ್ದರು. ಕಥೆಯ ವಿವರಗಳನ್ನೆಲ್ಲ ಬಲ್ಲ ಇಬ್ಬರು ಸಹಾಯಕರಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಇದ್ದರು. ಮೊದಲ ಸಂಪುಟದಿಂದ ಸರಣಿಯ ಸಂಪಾದಕಿ ಅವರೇ.

ಜೋರ್ಡನ್ ತೀರಿಕೊಂಡಾಗ ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಯುವ ಲೇಖಕ ತನ್ನ ತಾಣದಲ್ಲಿ ಒಂದು ಶ್ರದ್ಧಾಂಜಲಿ ಬರೆದಿದ್ದ. ಅದು ಹ್ಯಾರಿಯೆಟ್ ಕಣ್ಣಿಗೆ ಬಿತ್ತು. ಅವನ ಕಾದಂಬರಿಯೊಂದನ್ನು ತರಿಸಿ ಓದಿದರು, ಮುಗಿಸುವ ಕೆಲಸ ಅವನಿಗೇ ಕೊಟ್ಟರು. ಒಂದೇ ಸಂಪುಟದಲ್ಲಿ ಮುಗಿಯಬೇಕಿದ್ದ ಕಥೆ ಮೂರಾಯಿತು: 2009ರಲ್ಲಿ 'ದಿ ಗ್ಯಾದರಿಂಗ್ ಸ್ಟಾರ್ಮ್', 2010ರಲ್ಲಿ 'ಟವರ್ಸ್ ಆಫ್ ಮಿಡ್‌ನೈಟ್', 2013ರ ಜನವರಿಯಲ್ಲಿ 'ಎ ಮೆಮೊರಿ ಆಫ್ ಲೈಟ್'. ನಾನು ಹನ್ನೆರಡನೇ ಸಂಪುಟ ಅಂದದ್ದು ಇವುಗಳಲ್ಲಿ ಮೊದಲನೆಯದು.

ಮುಂದಿನ ಸಂಪುಟ ಹೊರುವ ಮೂರು ಹೊರೆ

ಯಾವುದೇ ದೊಡ್ಡ ಸರಣಿಯ ಕೊನೆಯ ಭಾಗ ಮೂರು ಹೊರೆ ಹೊತ್ತುಕೊಂಡು ಬರುತ್ತದೆ.

ಒಂದು, ಹೆಸರುಗಳ ಹೊರೆ. ಯಾರು ಯಾರ ಮಗ, ಯಾವ ಊರು, ಯಾರಿಗೆ ಯಾರ ಮೇಲೆ ಸಿಟ್ಟು. ಇದು ಸಣ್ಣ ಹೊರೆ, ಪುಸ್ತಕದ ಕೊನೆಯಲ್ಲಿರುವ ಪದಕೋಶ ನೋಡಿದರೆ ಮುಗಿಯಿತು.

ಎರಡು, ಮಾತು ಕೊಟ್ಟ ಹೊರೆ. ಹಿಂದಿನ ಸಂಪುಟಗಳಲ್ಲಿ ಲೇಖಕ ಓದುಗನಿಗೆ ನೂರಾರು ಮಾತು ಕೊಟ್ಟಿರುತ್ತಾನೆ. ಈ ಶಪಥ ಏನಾಯಿತು, ಈ ಗಾಯ ಮಾಗಿತೇ, ಮನೆ ಬಿಟ್ಟು ಹೋದವನು ವಾಪಸ್ ಬಂದನೇ. ಕೊನೆಯ ಸಂಪುಟಗಳು ಈ ಸಾಲ ತೀರಿಸಬೇಕು.

ಮೂರು, ದನಿಯ ಹೊರೆ. ಹತ್ತು ಸಂಪುಟ ಒಂದೇ ದನಿ ಕೇಳಿದ ಕಿವಿಗೆ ಬೇರೆ ದನಿ ಬಿದ್ದರೆ ತಕ್ಷಣ ಗೊತ್ತಾಗುತ್ತದೆ. ಸ್ಯಾಂಡರ್ಸನ್ ಜೋರ್ಡನ್ನರ ಶೈಲಿಯನ್ನು ನಕಲು ಮಾಡಲು ಹೋಗಲಿಲ್ಲ. ನಟರು, ಕಥೆ, ಸೆಟ್ಟು ಅವೇ, ನಿರ್ದೇಶಕ ಮಾತ್ರ ಬದಲಾದಂತೆ ಅಂದುಕೊಳ್ಳಿ ಎಂಬರ್ಥದಲ್ಲಿ ಹನ್ನೆರಡನೇ ಸಂಪುಟದ ಮುನ್ನುಡಿಯಲ್ಲೇ ಹೇಳಿಬಿಟ್ಟ. ಮ್ಯಾಟ್ ಎಂಬ ಪಾತ್ರ ಮೊದಲಿನ ಹಾಗೆ ಬಂದಿಲ್ಲ ಅಂತ ಓದುಗರು ದೂರಿದಾಗ ಅದನ್ನೂ ಒಪ್ಪಿಕೊಂಡ.

ಮೊದಲಿನ ರುಚಿ ಇಲ್ಲ ಅನ್ನುವವರು ಅಳೆಯುತ್ತಿರೋದು ಈ ಮೂರನೆಯದನ್ನು ಮಾತ್ರ. ಅದೂ ಮುಖ್ಯವೇ, ಇಲ್ಲ ಅನ್ನಲ್ಲ. ಆದರೆ ಕಥೆಯ ಜೀವ ಇರೋದು ಎರಡನೆಯದರಲ್ಲಿ, ಕೊಟ್ಟ ಮಾತಿನಲ್ಲಿ. ಇದು ನನಗೆ ಸ್ಪಷ್ಟವಾದದ್ದು ನಮ್ಮದೇ ಹಳೆಯ ಪುಸ್ತಕಗಳ ಚರಿತ್ರೆ ನೋಡಿದಾಗ.

ನಮ್ಮಲ್ಲೂ ಇದೆ: ಹತ್ತು ಪರ್ವ, ಆಮೇಲೆ?

ಗದುಗಿನ ಭಾರತ ಯಾರಿಗೆ ಗೊತ್ತಿಲ್ಲ? 15ನೇ ಶತಮಾನದ ಕುಮಾರವ್ಯಾಸ, ಅಂದರೆ ಗದುಗಿನ ನಾರಣಪ್ಪ, ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಒದ್ದೆ ಬಟ್ಟೆ ಆರುವವರೆಗೆ ಹಾಡುತ್ತಿದ್ದ ಅನ್ನೋ ಕಥೆ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಅವನು ಬರೆದದ್ದು ಹತ್ತೇ ಪರ್ವ. ಆದಿಪರ್ವದಿಂದ ಗದಾಪರ್ವದವರೆಗೆ. ಯುದ್ಧ ಮುಗಿದು ಧರ್ಮರಾಯನಿಗೆ ಪಟ್ಟ ಕಟ್ಟುವಲ್ಲಿಗೆ ಮಂಗಳ.

ಮಹಾಭಾರತ ಅಲ್ಲಿಗೆ ಮುಗಿಯಲ್ಲ. ಉಳಿದ ಕಥೆಯನ್ನು ಕನ್ನಡದಲ್ಲಿ ಪೂರ್ತಿ ಮಾಡಿದವನು ತಿಮ್ಮಣ್ಣ ಕವಿ. ಕೆಲವು ತಲೆಮಾರುಗಳ ನಂತರ, ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ 1509ರಿಂದ 1529ರ ನಡುವೆ. ಅವನ ಕೃತಿಗೆ 'ಕೃಷ್ಣರಾಯ ಭಾರತ' ಅಂತಲೇ ಹೆಸರು. ಛಂದಸ್ಸು ಅದೇ ಭಾಮಿನಿ ಷಟ್ಪದಿ. ಅವನಿಗೆ ಕಥೆಯ ಟಿಪ್ಪಣಿ ಬೇಕಿರಲಿಲ್ಲ, ವ್ಯಾಸರ ಮೂಲವೇ ಎದುರಿಗಿತ್ತು. ಕೈಗೆ ಬಾರದೆ ಉಳಿದದ್ದು ನಾರಣಪ್ಪನ ದನಿ ಮಾತ್ರ. ಐನೂರು ವರ್ಷದಿಂದ ಗಮಕಿಗಳು ಕುಮಾರವ್ಯಾಸನನ್ನು ಹಾಡುತ್ತಿದ್ದಾರೆ, ಜನ ಕೇಳುತ್ತಿದ್ದಾರೆ. ತಿಮ್ಮಣ್ಣನ ಹೆಸರು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕಕ್ಕೆ ಬರುತ್ತದೆ. ದನಿಯನ್ನೇ ಅಳತೆಗೋಲು ಮಾಡಿಕೊಂಡರೆ ಆಗೋದು ಹೀಗೆ.

ನಮ್ಮ ಟೀಮಿನ ತೆಲುಗು ಗೆಳೆಯರನ್ನು ಕೇಳಿ, ಅವರ ಕಥೆ ಇನ್ನೂ ಮಜವಾಗಿದೆ. ತೆಲುಗು ಭಾರತವನ್ನು 11ನೇ ಶತಮಾನದಲ್ಲಿ ನನ್ನಯ ಶುರು ಮಾಡಿ ಅರಣ್ಯಪರ್ವದ ನಡುವೆ ನಿಲ್ಲಿಸಿದ. 13ನೇ ಶತಮಾನದಲ್ಲಿ ತಿಕ್ಕನ ಆ ಅರ್ಧ ಪರ್ವವನ್ನು ಮುಟ್ಟದೆ, ವಿರಾಟಪರ್ವದಿಂದ ಕೊನೆಯವರೆಗೆ ಹದಿನೈದು ಪರ್ವ ಬರೆದ. ನಡುವಿನ ಖಾಲಿ ಜಾಗ ತುಂಬಿದವನು 14ನೇ ಶತಮಾನದ ಎರ್ರನ. ಅವನ ಕಷ್ಟ ಊಹಿಸಿ: ಹಿಂದೆ ಒಬ್ಬ ಮಹಾಕವಿ, ಮುಂದೆ ಇನ್ನೊಬ್ಬ ಮಹಾಕವಿ, ಎರಡೂ ಕಡೆ ಬೆಸುಗೆ ಕಾಣದಂತೆ ಕೂಡಿಸಬೇಕು. ಶುರುವಿನಲ್ಲಿ ನನ್ನಯನ ಹಾಗೆ ಬರೆದು, ಹೋಗ್ತಾ ಹೋಗ್ತಾ ತಿಕ್ಕನನ ದನಿಗೆ ತಂದು ಸೇರಿಸಿದ ಅಂತ ತೆಲುಗರು ಹೊಗಳುತ್ತಾರೆ. ಅಷ್ಟೇ ಅಲ್ಲ, ಆ ಭಾಗವನ್ನು ತನ್ನ ಹೆಸರಲ್ಲಿ ಮೆರೆಸದೆ ನನ್ನಯನೇ ಬರೆದಂತೆ, ನನ್ನಯನ ದೊರೆ ರಾಜರಾಜನರೇಂದ್ರನಿಗೇ ಅರ್ಪಿಸಿದ.

ಸಂಸ್ಕೃತದ 'ಕಾದಂಬರಿ'ಯೂ ಹೀಗೇ. ಬಾಣಭಟ್ಟ ನಡುವೆ ತೀರಿಕೊಂಡ, ಮಗ ಭೂಷಣಭಟ್ಟ ಮುಗಿಸಿದ. ಕವಿ ಅನ್ನಿಸಿಕೊಳ್ಳುವ ಹಮ್ಮಿನಿಂದ ಅಲ್ಲ, ಅಪ್ಪ ಹೋದದ್ದರಿಂದ ಕಥೆ ನಿಂತು ಸಜ್ಜನರಿಗೆ ದುಃಖವಾಯಿತು, ಅದಕ್ಕೇ ಕೈಹಾಕಿದೆ ಅಂತ ಅವನು ಆರಂಭದಲ್ಲೇ ಹೇಳಿಕೊಳ್ಳುತ್ತಾನೆ. ಈಗ ನಾವು ಇಡೀ ನಾವೆಲ್ ಪ್ರಕಾರಕ್ಕೇ 'ಕಾದಂಬರಿ' ಅಂತೀವಿ. ಆ ಹೆಸರು ಕೊಟ್ಟ ಪುಸ್ತಕವೇ ಇಬ್ಬರ ಕೈಯದು ಅನ್ನೋದು ನೆನಪಿರಲಿ.

ಬಂಕಾಪುರದ ಕಬ್ಬು

ಇವರೆಲ್ಲರಿಗಿಂತ ನನಗೆ ಹತ್ತಿರದವನು ಗುಣಭದ್ರ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಜಿನಸೇನಾಚಾರ್ಯ 'ಮಹಾಪುರಾಣ' ಅಂತ ಬೃಹತ್ ಸಂಸ್ಕೃತ ಕಾವ್ಯ ಶುರು ಮಾಡಿದರು. ಅರವತ್ಮೂರು ಮಹಾಪುರುಷರ ಕಥೆ ಹೇಳುವ ಯೋಜನೆ. ಮೊದಲನೆಯ ತೀರ್ಥಂಕರ ಆದಿನಾಥನ ಕಥೆಯೇ 42 ಪರ್ವ ದಾಟಿ, 43ನೆಯದರ ಆರಂಭದಲ್ಲಿದ್ದಾಗ ತೀರಿಕೊಂಡರು. ಜಿನಸೇನರಿಗೆ ಇಂಥ ಕೆಲಸ ಹೊಸದಾಗಿರಲಿಲ್ಲ. ಅವರ ಗುರು ವೀರಸೇನರು 'ಜಯಧವಲ' ಟೀಕೆಯನ್ನು 20,000 ಶ್ಲೋಕ ಪ್ರಮಾಣ ಬರೆದು ತೀರಿಕೊಂಡಾಗ, ಉಳಿದ 40,000 ಪ್ರಮಾಣ ಬರೆದು 837ರಲ್ಲಿ ಮುಗಿಸಿದವರು ಇದೇ ಜಿನಸೇನರು. ಗುರುವಿನದನ್ನು ಶಿಷ್ಯ ಮುಗಿಸಿದ, ಆ ಶಿಷ್ಯನದನ್ನು ಅವನ ಶಿಷ್ಯ ಮುಗಿಸಿದ.

ಗುಣಭದ್ರ ಆದಿಪುರಾಣದ ಉಳಿದ ಪರ್ವಗಳನ್ನು ಮುಗಿಸಿ, ಅಜಿತನಾಥನಿಂದ ಮುಂದಿನವರ ಕಥೆಯನ್ನೆಲ್ಲ 'ಉತ್ತರಪುರಾಣ'ದಲ್ಲಿ ಹೇಳಿದ. ಅದರ ಕೊನೆಯ ಪ್ರಶಸ್ತಿಯಲ್ಲಿ ಬರುವ ಊರು ಬಂಕಾಪುರ, ಈಗಿನ ಹಾವೇರಿ ಜಿಲ್ಲೆ. ವರ್ಷ 898. ಪುಣೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹುಬ್ಬಳ್ಳಿ ದಾಟಿದ ಮೇಲೆ ಆ ಊರಿನ ಹತ್ತಿರದಲ್ಲೇ ಹಾಯ್ದು ಹೋಗ್ತೀವಿ, ನಿದ್ದೆಯಲ್ಲಿ ಗೊತ್ತಾಗಲ್ಲ ಅಷ್ಟೆ.

ಗುರುವಿನ ಗ್ರಂಥಕ್ಕೆ ಕೈಹಾಕುವಾಗ ಗುಣಭದ್ರ ಒಂದು ಹೋಲಿಕೆ ಕೊಡುತ್ತಾನೆ. ಅದರ ಸಾರ ಇಷ್ಟು: ಕಬ್ಬಿನ ಮೊದಲ ಅರ್ಧವೇ ರಸಭರಿತ. ಈ ಗ್ರಂಥವೂ ಹಾಗೇ. ಉಳಿದರ್ಧ ಹೇಗೋ ಒಂದು ಮುಗಿಯಲಿ ಅಂತ ನಾನು ಶುರು ಮಾಡುತ್ತಿದ್ದೇನೆ. ಇದು ಹನ್ನೊಂದು ನೂರು ವರ್ಷ ಹಿಂದಿನ ಮಾತು. ಮೊದಲಿನ ರುಚಿ ಇಲ್ಲ ಅಂತ ಓದುಗ ಹೇಳುವುದಕ್ಕೂ ಮೊದಲು ಬರೆದವನೇ ಹೇಳಿಬಿಟ್ಟಿದ್ದಾನೆ.

ನಾನು ರಾಯಬಾಗ ತಾಲ್ಲೂಕಿನವನು, ಕಬ್ಬಿನ ಸೀಮೆ. ಕಬ್ಬಿನ ತುದಿ ಸಪ್ಪೆ ಅನ್ನೋದು ಸರಿ. ತಿನ್ನುವಾಗ ನಾವು ಹುಡುಗರು ತುದಿಯನ್ನು ಮುರಿದು ಎಸೆಯುತ್ತಿದ್ದೆವು. ಆದರೆ ನಾಟಿಗೆ ತುಂಡು ಕತ್ತರಿಸುವಾಗ ದೊಡ್ಡವರು ತುದಿ ಕಡೆಯ ತುಂಡನ್ನೇ ಆರಿಸುತ್ತಾರೆ. ಅಲ್ಲಿನ ಕಣ್ಣುಗಳು ಎಳೆಯವು, ಬೇಗ ಚಿಗುರುತ್ತವೆ. ಬುಡದ ತುಂಡಿನಲ್ಲಿ ಸಕ್ಕರೆ ಜಾಸ್ತಿ, ಮೊಳಕೆ ಕಡಿಮೆ.

ಗುಣಭದ್ರನ ತುದಿಯೂ ಚಿಗುರಿತು. ಪಂಪ 941ರಲ್ಲಿ ಕನ್ನಡಿಸಿದ 'ಆದಿಪುರಾಣ'ದ ಕಥೆ ಮುಖ್ಯವಾಗಿ ಜಿನಸೇನರ ಭಾಗದ್ದು. ಆದರೆ ಪೊನ್ನನ 'ಶಾಂತಿಪುರಾಣ'ದ ಶಾಂತಿನಾಥ, ರನ್ನ 993ರಲ್ಲಿ ಬರೆದ 'ಅಜಿತಪುರಾಣ'ದ ಅಜಿತನಾಥ, ಇವರ ಕಥೆ ಇರೋದು ಗುಣಭದ್ರ ಮುಗಿಸಿದ ಭಾಗದಲ್ಲಿ. 978ರ 'ಚಾವುಂಡರಾಯ ಪುರಾಣ' ಅಂತೂ ಅರವತ್ಮೂರು ಜನರ ಕಥೆಯನ್ನೂ ಕನ್ನಡ ಗದ್ಯಕ್ಕೆ ತಂದಿತು. ನಮ್ಮ ಹಳೆಯ ಗದ್ಯದ ಮುಖ್ಯ ಕೃತಿಗಳಲ್ಲಿ ಅದೂ ಒಂದು. ಹೇಗೋ ಮುಗಿಯಲಿ ಅಂತ ಶುರುವಾದ ಉತ್ತರಾರ್ಧ ಕನ್ನಡಕ್ಕೆ ಕೊಟ್ಟದ್ದು ಇಷ್ಟು.

ಲಾ ಕಾಲೇಜ್ ರಸ್ತೆಯ ಕೆಲಸ

ಈಗ ಪುಣೆಗೆ ಬರೋಣ. ಲಾ ಕಾಲೇಜ್ ರಸ್ತೆಯಲ್ಲಿ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಇದೆ. ಶುರುವಾದದ್ದು 1917ರಲ್ಲಿ. ಮಹಾಭಾರತದ ಶುದ್ಧ ಪಾಠ ಸಿದ್ಧಪಡಿಸುವ ಕೆಲಸವನ್ನು ಅವರು 1919ರಲ್ಲಿ ಆರಂಭಿಸಿದರು. ದೇಶದ ಬೇರೆ ಬೇರೆ ಲಿಪಿಗಳ ಹಸ್ತಪ್ರತಿಗಳನ್ನು ತರಿಸಿ, ಶ್ಲೋಕ ಶ್ಲೋಕಕ್ಕೂ ಹೋಲಿಸಿ, ಯಾವುದು ಹಳೆಯದು, ಯಾವುದು ಆಮೇಲೆ ಸೇರಿದ್ದು ಅಂತ ನಿರ್ಧರಿಸುವ ಕೆಲಸ. ಒಟ್ಟು 1,259 ಹಸ್ತಪ್ರತಿಗಳು ಬಳಕೆಯಾದವು. ನೂರಾರು ವರ್ಷ ಬೇರೆ ಬೇರೆ ಬ್ರ್ಯಾಂಚುಗಳಲ್ಲಿ ಬೆಳೆದ ಕೋಡನ್ನು ಒಂದು ಕಡೆ ಮರ್ಜ್ ಮಾಡುವ ಕೆಲಸ ಅಂದುಕೊಳ್ಳಿ, ಕಾನ್‌ಫ್ಲಿಕ್ಟ್ ಸಾಲುಸಾಲಿಗೂ.

1925ರಲ್ಲಿ ಇದರ ಹೊಣೆ ಹೊತ್ತವರು ವಿ. ಎಸ್. ಸುಕಥಣಕರ್. ಕೇಂಬ್ರಿಡ್ಜಿನಲ್ಲಿ ಗಣಿತ ಓದಿ, ಆಮೇಲೆ ಬರ್ಲಿನ್ನಿನಲ್ಲಿ ಸಂಸ್ಕೃತ ಅಧ್ಯಯನ ಮಾಡಿದವರು. 1933ರಲ್ಲಿ ಆದಿಪರ್ವ ಮುಗಿದಾಗ ಅದರ ಜೊತೆ ಒಂದು ದೀರ್ಘ ಪ್ರಸ್ತಾವನೆ ಬರೆದು, ಪಾಠ ಆರಿಸುವ ನಿಯಮಗಳನ್ನೆಲ್ಲ ಬಿಡಿಸಿಟ್ಟರು. ಖಚಿತವಲ್ಲದ ಪದದ ಕೆಳಗೆ ಅಲೆಅಲೆಯಾದ ಗೆರೆ. ಮೂಲದಿಂದ ಕೈಬಿಟ್ಟ ಶ್ಲೋಕಗಳು ಕಸದ ಬುಟ್ಟಿಗಲ್ಲ, ಅಡಿಟಿಪ್ಪಣಿಗೆ ಇಲ್ಲವೇ ಅನುಬಂಧಕ್ಕೆ. ವ್ಯಾಸರು ಹೇಳಿದಂತೆ ಗಣಪತಿ ಬರೆದುಕೊಂಡ ಪ್ರಸಿದ್ಧ ಪ್ರಸಂಗ ಕೂಡ ಹೀಗೆ ಅನುಬಂಧಕ್ಕೆ ಹೋಯಿತು.

ಸಂಪುಟಗಳು ಕಥೆಯ ಕ್ರಮದಲ್ಲಿ ಬರಲಿಲ್ಲ. 1936ರಲ್ಲಿ ವಿರಾಟಪರ್ವ, 1940ರಲ್ಲಿ ಉದ್ಯೋಗಪರ್ವ, 1942ರಲ್ಲಿ ಅರಣ್ಯಪರ್ವ ಬಂದವು. ಎರಡನೆಯದಾದ ಸಭಾಪರ್ವ ಬಂದದ್ದು 1944ರಲ್ಲಿ, ಸಂಪಾದಿಸಿದವರು ಅಮೆರಿಕದ ವಿದ್ವಾಂಸ ಫ್ರ್ಯಾಂಕ್ಲಿನ್ ಎಡ್ಜರ್ಟನ್. ಅಷ್ಟರಲ್ಲಿ, 1943ರ ಜನವರಿಯಲ್ಲಿ, ಸುಕಥಣಕರ್ ತೀರಿಕೊಂಡಿದ್ದರು. ಮುಂದೆ ಎಸ್. ಕೆ. ಬೆಲ್ವಲ್ಕರ್, ಅವರ ನಂತರ ಪಿ. ಎಲ್. ವೈದ್ಯ ಹೊಣೆ ಹೊತ್ತರು. ಕೆಲಸ ಮುಗಿದದ್ದು 1966ರ ಸೆಪ್ಟೆಂಬರ್‌ನಲ್ಲಿ. ಘೋಷಿಸಿದವರು ಆಗಿನ ರಾಷ್ಟ್ರಪತಿ ರಾಧಾಕೃಷ್ಣನ್. 47 ವರ್ಷ, ಮೂವರು ಪ್ರಧಾನ ಸಂಪಾದಕರು.

ಮುಖ್ಯಸ್ಥ ಹೋದರೂ ಕೆಲಸ ನಿಲ್ಲಲಿಲ್ಲ, ಯಾಕಂದ್ರೆ ನಿಯಮ ಬರೆದಿಟ್ಟಿದ್ದರು. ಇಲ್ಲಿ ಯಾರೂ ಯಾರ ದನಿಯನ್ನೂ ನಕಲು ಮಾಡಬೇಕಿರಲಿಲ್ಲ, ಆದರೆ ಎಲ್ಲರೂ ಒಂದೇ ಮಾತಿಗೆ ಬದ್ಧರಾಗಿರಬೇಕಿತ್ತು. ಬಿಟ್ಟುಹೋದವರ ಕೋಡ್ ನೋಡಿಕೊಳ್ಳುವ ಕೆಲಸ ನಾನೂ ಮಾಡ್ತೀನಿ. ಯಾವ ಸಾಲಿನಲ್ಲಿ ನನಗೆ ಅನುಮಾನ ಇದೆ ಅಂತ ಗುರುತು ಹಾಕಿಡೋದು ಆ ಅಲೆಅಲೆ ಗೆರೆಯಿಂದ ಕಲಿತ ಅಭ್ಯಾಸ.

ಕೊನೆಯ ಸಂಪುಟಗಳಲ್ಲಿ ಏನಿರುತ್ತದೆ?

ಇಷ್ಟು ಹೊತ್ತು ಮುಗಿಸಿದವರ ಬಗ್ಗೆ ಹೇಳಿದೆ. ಮುಗಿಸಿದ ಭಾಗದಲ್ಲಿ ಏನಿದೆ ಅನ್ನೋದೇ ಈಗ ಮುಖ್ಯ.

ಗದಾಪರ್ವಕ್ಕೆ ನಿಲ್ಲಿಸಿದವನಿಗೆ ಸಿಗೋದು ಗೆಲುವು ಮತ್ತು ಪಟ್ಟಾಭಿಷೇಕ. ಆ ಗೆಲುವಿನ ಬಿಲ್ಲು ಬರೋದು ಆಮೇಲಿನ ಪರ್ವಗಳಲ್ಲಿ. ಆಶ್ರಮವಾಸಿಕ ಪರ್ವ ತೆಗೆದುಕೊಳ್ಳಿ. ಹದಿನೆಂಟರಲ್ಲಿ ಹದಿನೈದನೆಯದು, ಚಿಕ್ಕದು. ಯುದ್ಧ ಮುಗಿದು ಹದಿನೈದು ವರ್ಷ ಆಗಿದೆ. ಧೃತರಾಷ್ಟ್ರ, ಗಾಂಧಾರಿ ಪಾಂಡವರ ಅರಮನೆಯಲ್ಲೇ ಇದ್ದಾರೆ. ಧರ್ಮರಾಯ ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೆ ಭೀಮ ಆಗಾಗ ಅವರ ಕಿವಿಗೆ ಬೀಳುವಂತೆ ಚುಚ್ಚಿ ಮಾತಾಡುತ್ತಾನೆ. ಕೊನೆಗೊಂದು ದಿನ ಮುದುಕ ನಾವು ಕಾಡಿಗೆ ಹೋಗ್ತೀವಿ, ಅಪ್ಪಣೆ ಕೊಡು ಅಂತಾನೆ.

ಹೊರಡುವಾಗ ಕುಂತಿಯೂ ಜೊತೆಗೆ ಹೊರಟುಬಿಡುತ್ತಾಳೆ. ಮಕ್ಕಳು ಕಾಲಿಗೆ ಬೀಳುತ್ತಾರೆ. ಯುದ್ಧ ಮಾಡಿ ಅಂತ ಹುರಿದುಂಬಿಸಿದವಳು ನೀನೇ, ಈಗ ರಾಜ್ಯ ಬಂದಾಗ ಬಿಟ್ಟು ಹೋಗ್ತೀಯಾ ಅಂತ ಕೇಳುತ್ತಾರೆ. ಅವಳ ಉತ್ತರ ಇಷ್ಟು: ನೀವು ನಾಶವಾಗಬಾರದು ಅಂತ ಹುರಿದುಂಬಿಸಿದೆ, ಮಕ್ಕಳು ಗೆದ್ದ ರಾಜ್ಯದ ಸುಖ ಉಣ್ಣೋಕಲ್ಲ. ಹಿರಿಯರ ಸೇವೆ ಮಾಡಿಕೊಂಡು ಇರ್ತೀನಿ. ಮಕ್ಕಳು ಒಮ್ಮೆ ಕಾಡಿಗೆ ಹೋಗಿ ನೋಡಿಕೊಂಡು ಬರುತ್ತಾರೆ. ಎರಡು ವರ್ಷದ ಮೇಲೆ ನಾರದ ಬಂದು ಸುದ್ದಿ ಹೇಳುತ್ತಾನೆ: ಕಾಳ್ಗಿಚ್ಚಿನಲ್ಲಿ ಮೂವರೂ ಹೋದರು.

ಪುಣೆಯಲ್ಲಿ ಎರಡು ಬೆಡ್‌ರೂಮಿನ ಮನೆ ತೆಗೆದುಕೊಂಡು, ಅಪ್ಪ ಅಮ್ಮನನ್ನು ಇಲ್ಲೇ ಬಂದು ಇರಿ ಅಂತ ಕರೆದು, ಅವರು ಹದಿನೈದು ದಿನ ಇದ್ದು ಊರಿಗೆ ಹೊರಟಾಗ ಬಸ್ ಹತ್ತಿಸಿ ಬಂದವರಿಗೆ ಈ ಪರ್ವದ ಬಗ್ಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಓದು ಓದು ಅಂತ ನಮ್ಮನ್ನು ಹುರಿದುಂಬಿಸಿ ಊರು ಬಿಡಿಸಿದವರು ಅವರೇ. ಗೆದ್ದ ಮೇಲೆ ಜೊತೆಗಿರಲು ಒಲ್ಲೆ ಅಂದವರೂ ಅವರೇ. ಇಪ್ಪತ್ತರ ವಯಸ್ಸಿಗೆ ಆದಿಪರ್ವ, ಸಭಾಪರ್ವ ಸಾಕು. ಮೂವತ್ತೈದಕ್ಕೆ ಹದಿನೈದನೇ ಪರ್ವ ಬೇಕಾಗುತ್ತದೆ.

ಈಗ ಎಚ್ಚರಿಕೆ ಕೊಟ್ಟಿದ್ದ ಜಾಗ. 'ದಿ ಗ್ಯಾದರಿಂಗ್ ಸ್ಟಾರ್ಮ್' ಓದಿಲ್ಲದವರು ಮುಂದಿನ ಪ್ಯಾರಾ ಬಿಟ್ಟುಬಿಡಿ.

ಮೊದಲ ಸಂಪುಟದಲ್ಲಿ ಊರು ಬಿಟ್ಟ ರ‍್ಯಾಂಡ್, ತನ್ನನ್ನು ಸಾಕಿದ ಅಪ್ಪ ಟ್ಯಾಮ್‌ನನ್ನು ಆಮೇಲೆ ನೋಡುವುದೇ ಇಲ್ಲ. ಅಷ್ಟರಲ್ಲಿ ರಾಜ್ಯಗಳನ್ನು ಗೆದ್ದಿದ್ದಾನೆ, ಮನಸ್ಸನ್ನು ಕಲ್ಲು ಮಾಡಿಕೊಂಡಿದ್ದಾನೆ. ಹನ್ನೆರಡನೇ ಸಂಪುಟದಲ್ಲಿ ಅಪ್ಪ ಎದುರಿಗೆ ಬರುತ್ತಾನೆ. ಮಾತು ಸರಿಯಾಗಿಯೇ ಶುರುವಾಗುತ್ತದೆ, ಆಮೇಲೆ ಅಪ್ಪನನ್ನು ಬೇರೆಯವರು ಹೇಳಿಕೊಟ್ಟು ಕಳಿಸಿದ್ದಾರೆ ಅಂತ ರ‍್ಯಾಂಡ್‌ಗೆ ತಿಳಿಯುತ್ತದೆ. ಸಿಟ್ಟಿನಲ್ಲಿ ಅಪ್ಪನನ್ನೇ ಕೊಂದುಬಿಡುವ ಅಂಚಿಗೆ ಹೋಗುತ್ತಾನೆ. ಆ ಕ್ಷಣದಲ್ಲಿ ತಾನು ಏನಾಗಿಬಿಟ್ಟಿದ್ದೇನೆ ಅಂತ ಅವನಿಗೆ ಕಾಣುತ್ತದೆ. ಇಡೀ ಸರಣಿ ತಿರುಗುವುದು ಅಲ್ಲಿಂದಲೇ. ಜೋರ್ಡನ್ 1990ರಲ್ಲಿ ಕೊಟ್ಟ ಮಾತು ಅದು, ಓದುಗರ ಕೈಗೆ ತಲುಪಿದ್ದು 2009ರಲ್ಲಿ, ಇನ್ನೊಬ್ಬನ ಲೇಖನಿಯಿಂದ. ವಾಕ್ಯಗಳು ಮೊದಲಿನಷ್ಟು ಹದವಾಗಿವೆಯೇ ಅಂತ ಆ ಪುಟಗಳಲ್ಲಿ ನಾನು ಒಮ್ಮೆಯೂ ಯೋಚಿಸಲಿಲ್ಲ.

ಓದೋದು ಹೇಗೆ: ನಾಲ್ಕು ಸಲಹೆ

ಮೊದಲನೆಯದು, ಹಿಂದಿನದನ್ನೆಲ್ಲ ಮತ್ತೆ ಓದಿಯೇ ಶುರು ಮಾಡ್ತೀನಿ ಅಂತ ಹಟ ಹಿಡಿಯಬೇಡಿ. ಹಾಗೆ ಹೊರಟವರು ಮೂರನೇ ಸಂಪುಟಕ್ಕೆ ಕೂತುಬಿಡುತ್ತಾರೆ. ಹಿಂದಿನ ಸಂಪುಟದ ಕೊನೆಯ ನೂರು ಪುಟ ಓದಿ, ಒಂದು ಹಾಳೆಯಲ್ಲಿ ಬಾಕಿ ಇರುವ ಮಾತುಗಳನ್ನು ಬರೆದಿಡಿ. ಯಾರ ಶಪಥ ತೀರಿಲ್ಲ, ಯಾರು ಯಾರಿಗೆ ಸುಳ್ಳು ಹೇಳಿದ್ದಾರೆ, ಯಾರು ಮನೆಗೆ ಹೋಗಬೇಕಿದೆ. ಓದ್ತಾ ಹೋದಂತೆ ತೀರಿದ್ದಕ್ಕೆ ಗೆರೆ ಎಳೆಯಿರಿ.

ಎರಡನೆಯದು, ಮುನ್ನುಡಿ ಓದಿ. ನಾವು ಅದನ್ನು ಹಾರಿಸಿಬಿಡುತ್ತೇವೆ. ಮುಗಿಸಲು ಬಂದವನು ಏನು ಒಪ್ಪಿಕೊಂಡಿದ್ದಾನೆ, ಏನನ್ನು ಮಾಡಲ್ಲ ಅಂದಿದ್ದಾನೆ ಅನ್ನೋದು ಅಲ್ಲಿರುತ್ತದೆ. ಭೂಷಣಭಟ್ಟನಿಂದ ಸ್ಯಾಂಡರ್ಸನ್ ವರೆಗೆ ಈ ಪದ್ಧತಿ ತಪ್ಪಿಲ್ಲ.

ಮೂರನೆಯದು, ಹೊಸ ದನಿಗೆ ನೂರು ಪುಟ ಸಮಯ ಕೊಡಿ. ಅಷ್ಟರೊಳಗೆ ತೀರ್ಪು ಬೇಡ. ಪ್ರಯಾಣದಲ್ಲೇ ದಿನಕ್ಕೆ ಎರಡು ತಾಸು ಕಳೆಯುವವರಾದರೆ ಆಡಿಯೊ ಕೇಳಿ. ಈ ಸರಣಿಯ ಹದಿನಾಲ್ಕೂ ಸಂಪುಟಗಳನ್ನು ಓದಿರುವವರು ಮೈಕೆಲ್ ಕ್ರೇಮರ್ ಮತ್ತು ಕೇಟ್ ರೀಡಿಂಗ್ ದಂಪತಿಯೇ. ಬರೆದವರು ಬದಲಾದರೂ ಕಿವಿಗೆ ಬೀಳುವ ದನಿ ಬದಲಾಗಲ್ಲ. ನಮ್ಮ ಗಮಕಿಗಳು ತಿಮ್ಮಣ್ಣನನ್ನೂ ಹೀಗೆ ಹಾಡಿಕೊಂಡು ಬಂದಿದ್ದರೆ ಅವನ ಕಥೆ ಬೇರೆ ಆಗಿರುತ್ತಿತ್ತೋ ಏನೋ ಅಂತ ಅನ್ನಿಸುತ್ತದೆ.

ನಾಲ್ಕನೆಯದು, ಹೆಸರು ಮರೆತಾಗ ಇಂಟರ್‌ನೆಟ್‌ನಲ್ಲಿ ಹುಡುಕಬೇಡಿ. ಪಾತ್ರದ ಹೆಸರು ಟೈಪ್ ಮಾಡಿದರೆ ಸಾಕು, ಅವನು ಹೇಗೆ ಸಾಯುತ್ತಾನೆ ಅಂತ ಗೂಗಲ್ಲೇ ಹೇಳಿಬಿಡುತ್ತದೆ. ಪುಸ್ತಕದ ಹಿಂದಿನ ಪದಕೋಶ ಸಾಕು.

ಇನ್ನು ಮುಗಿಯದ ಸರಣಿಗಳ ಮಾತು. ಜಾರ್ಜ್ ಮಾರ್ಟಿನ್ನರ 'ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್' ಸರಣಿಯ ಐದನೇ ಸಂಪುಟ ಬಂದದ್ದು 2011ರಲ್ಲಿ, ಆರನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ಕಾಯುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅದಕ್ಕೇ ಮುಗಿಸಿಕೊಟ್ಟವರ ಬಗ್ಗೆ ನಾವು ಸ್ವಲ್ಪ ಮೆತ್ತಗಿರಬೇಕು ಅನ್ನಿಸುತ್ತದೆ. ಜೋರ್ಡನ್ನರ ಓದುಗರಿಗೆ ಹ್ಯಾರಿಯೆಟ್ ಮತ್ತು ಸ್ಯಾಂಡರ್ಸನ್ ಸಿಗದೇ ಹೋಗಿದ್ದರೆ ರ‍್ಯಾಂಡ್ ಇನ್ನೂ ಅಪ್ಪನ ಮುಖ ನೋಡದೆ ಅಲೆಯುತ್ತಿರುತ್ತಿದ್ದ.

ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಆ ದಪ್ಪ ಪುಸ್ತಕ ಈ ವಾರ ಕೆಳಗಿಳಿಸಿ. ಫ್ಯಾಂಟಸಿ ಒಲ್ಲೆ ಅನ್ನುವವರು ಆಶ್ರಮವಾಸಿಕ ಪರ್ವದ ಗದ್ಯಾನುವಾದ ಹಿಡಿಯಿರಿ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಓದಿದ ಮೇಲೆ ಊರಿಗೊಂದು ಫೋನ್ ಹಚ್ಚಿ.